ಪೂಜೆಗಿಟ್ಟ ನಕ್ಷೆ

ನನ್ನ ತಂಗಿ ಚಾಮರಾಜನಗರದ ಹೊರಗಿರುವ ಒಂದು ಸಣ್ಣ ವರ್ಕ್‌ಶಾಪಿನಲ್ಲಿ ಮೂರು ವರ್ಷ ಕೆಲಸ ಮಾಡಿದಳು. ಐಟಿಐ ಓದಿದವಳು. ಗುಂಡ್ಲುಪೇಟೆ ಪಕ್ಕದ ನಮ್ಮೂರಿನಿಂದ ದಿನಾ ಬಸ್ಸಿನಲ್ಲಿ ಹೋಗಿ ಬರುತ್ತಿದ್ದಳು. ನಮ್ಮ ದೇಶವೇ ಮಾಡುತ್ತಿರುವ ಯುದ್ಧವಿಮಾನಕ್ಕೆ ಬೇಕಾದ ಅಂಗೈಯಗಲದ ಒಂದು ಲೋಹದ ತುಂಡನ್ನು ಅವಳು ಅಲ್ಲಿ ಮಿಷಿನ್ನಿನಲ್ಲಿ ಕೊರೆಯುತ್ತಿದ್ದಳು. ನಾನು ಏಳನೇ ಕ್ಲಾಸಿಗೆ ಸ್ಕೂಲು ಬಿಟ್ಟವನು, ಕಂಪನಿಯವರೇ ಬೀಜ ಕೊಟ್ಟು ಹೂ ಕೊಳ್ಳುವ ಕರಾರಿನಲ್ಲಿ ಚೆಂಡುಹೂ ಬೆಳೆಯುತ್ತೇನೆ.

ಅಷ್ಟು ಚಿಕ್ಕ ತುಂಡಿನ ನಕ್ಷೆಯನ್ನು ಅಷ್ಟೊಂದು ಗುಟ್ಟಾಗಿ ಇಡುವುದು ಯಾಕೆ ಎಂದು ಒಮ್ಮೆ ಕೇಳಿದ್ದೆ.

"ನಮ್ ಚೆಂಡೂವಿನ ಬೀಜ ಯಾರ್ದಣ್ಣ?" ಅಂದಳು.

"ಕಂಪ್ನಿದು."

"ಈ ಸಲ ಕೊಡಕಿಲ್ಲ ಅಂದ್ಬುಟ್ರೆ?"

"ಒಲ ಬೀಳು ಬುಡ್ಬೇಕು."

"ವಿಮಾನದ ಇಂಜಿನ್ನೂ ಅಂಗೇ ಕಣಣ್ಣ. ಒರದೇಸದೋರು ಕೊಡಗಂಟ ಮಿಕ್ಕಿದ್ದೆಲ್ಲ ರೆಡಿ ಮಾಡ್ಕಂಡು ಕಾಯ್ತಾ ಕೂತಿರ್ಬೇಕು. ಈ ತುಂಡೂ ಮೊದ್ಲು ಆಚೆಯಿಂದ್ಲೇ ಬತ್ತಿತ್ತು. ಈಗ ನಕ್ಷೆನೂ ನಮ್ದೇ. ಅದ್ಕೇ ಬೀರುಲಿಟ್ಟು ಬೀಗ ಹಾಕದು."

ನನಗೆ ಅರ್ಥವಾಗಿತ್ತು. ಅರ್ಥವಾಗಲಿಲ್ಲ ಎಂದು ಹೇಳಿಕೊಳ್ಳುವ ಹಾಗಿಲ್ಲ.

ಆದರೆ ಊರಿನ ಟೀ ಅಂಗಡಿಯಲ್ಲಿ ನನ್ನನ್ನು ಕಂಡರೆ ಸಾಕು, ಶುರುವಾಗುತ್ತಿತ್ತು. "ನಿನ್ ತಂಗಿ ಇಮಾನ ಮಾಡೋಳಾದ್ರೆ ಗೌರ್ಮೆಂಟ್ ಬಸ್ಸಲ್ಲಿ ಯಾಕ್ಲಾ ನೇತಾಡ್ಕಂಡು ಓಗ್ತಾಳೆ?" ಎಲ್ಲರೂ ನಗುತ್ತಿದ್ದರು. ನಾನೂ ನಗುತ್ತಿದ್ದೆ. ಒಳಗೆ ಉರಿಯುತ್ತಿತ್ತು.

ಕಳೆದ ವರ್ಷದ ಆಯುಧಪೂಜೆಗೆ ಕೆಲಸದವರ ಮನೆಯವರನ್ನೆಲ್ಲ ವರ್ಕ್‌ಶಾಪಿನ ಯಜಮಾನರು ಕರೆದಿದ್ದರು. ಹೂವು ನಮ್ಮ ಹೊಲದ್ದೇ. ಎರಡು ಮೂಟೆ ಬೈಕಿನ ಹಿಂದೆ ಕಟ್ಟಿಕೊಂಡು ಹೋದೆ. ಗೇಟಿನಲ್ಲಿ ಫೋನುಗಳನ್ನು ಒಂದು ಪೆಟ್ಟಿಗೆಗೆ ಹಾಕಿಸಿಕೊಳ್ಳುತ್ತಿದ್ದರು. ನನ್ನ ಹತ್ತಿರ ಎರಡಿದ್ದವು. ತಂಗಿಯ ಕಣ್ಣೆದುರೇ ಬಟನ್ ಫೋನನ್ನು ಪೆಟ್ಟಿಗೆಗೆ ಹಾಕಿದೆ. ಇನ್ನೊಂದು ಪಂಚೆಯೊಳಗೆ ಪಟ್ಟಾಪಟ್ಟಿ ಚಡ್ಡಿಯ ಜೇಬಿನಲ್ಲೇ ಇತ್ತು. ಮರೆತು ಇಟ್ಟುಕೊಂಡದ್ದಲ್ಲ.

ಒಳಗೆ ಮಿಷಿನ್ನುಗಳಿಗೆ ವಿಭೂತಿ ಬಳಿದು, ಬಾಳೆಕಂದು ಕಟ್ಟಿದ್ದರು. ಅಳತೆಯ ಸಾಮಾನುಗಳನ್ನೆಲ್ಲ ಕೆಂಪು ಬಟ್ಟೆಯ ಮೇಲೆ ಸಾಲಾಗಿ ಜೋಡಿಸಿದ್ದರು. ನಕ್ಷೆಯೂ ಆಯುಧವೇ ಎಂದು ಯಜಮಾನರು ಅದನ್ನು ಬೀರುವಿನಿಂದ ತೆಗೆದು, ಮೂಲೆಗೆ ಅರಿಸಿನ ಕುಂಕುಮ ಇಟ್ಟು, ತಂಗಿಯ ಮಿಷಿನ್ನಿನ ಪಕ್ಕ ಒರಗಿಸಿದ್ದರು. ಮಂಗಳಾರತಿ ಮುಗಿದು, ಬೂದುಗುಂಬಳ ಒಡೆಯಲು ಎಲ್ಲರೂ ಬಾಗಿಲಿನ ಕಡೆ ಹೋದಾಗ ನಾನು ಹಿಂದೆ ಉಳಿದೆ. ಒಂದೇ ಫೋಟೊ. ಸಂಜೆ 'ನನ್ನ ತಂಗಿ ಮಾಡುವ ವಿಮಾನ' ಎಂದು ಬರೆದು ಸ್ಟೇಟಸ್ಸಿಗೆ ಹಾಕಿದೆ. ಒಂದು ದಿನಕ್ಕೆ ಅದು ತಾನೇ ಹೋಗುತ್ತದಲ್ಲ ಎಂದುಕೊಂಡೆ. ಮಾರನೆಯ ದಿನ ಟೀ ಅಂಗಡಿಯಲ್ಲಿ ಯಾರೂ ಬಸ್ಸಿನ ಮಾತೆತ್ತಲಿಲ್ಲ.

ಎರಡು ವಾರವಾಗಿರಬೇಕು. ಹೊಲದಲ್ಲಿ ಹೂ ಕೀಳುತ್ತಿದ್ದೆ, ತಂಗಿಯ ಫೋನು ಬಂತು. ಗೇಟಿನ ಫೋನಿನಿಂದ ಮಾತಾಡುತ್ತಿದ್ದಳು. ಧ್ವನಿ ಸಣ್ಣಗಿತ್ತು.

"ಅಣ್ಣ, ಪೂಜೆ ದಿನ ನೀನೇನಾರ ಒಳಗೆ ಫೋಟೊ ತಗುದ್ಯಾ?"

"ನಾನಾ? ಫೋನು ಪೆಟ್ಗೆಗಾಕಿದ್ ನೀನೇ ನೋಡ್ಲಿಲ್ವಾ?"

"ನೋಡ್ದೆ. ಆದ್ರೂ ಕೇಳ್ದೆ. ಯಾರೋ ನಕ್ಷೆ ಫೋಟೊ ಬುಟ್ಟವ್ರೆ. ಇಚಾರ್ಸಕೆ ಬೆಂಗ್ಳೂರಿಂದ ಇಬ್ರು ಆಫೀಸರ್‌ಗಳು ಬಂದವ್ರೆ. ಎಲ್ರತ್ರನೂ ಬರ್ಸ್ಕತಾವ್ರೆ."

"ಏನಂತ?"

"ನಮ್ಮನೆಯೋರು ತಗುದಿಲ್ಲ ಅಂತ. ಮದ್ಯಾನದ ಊಟದೊಳ್ಗೆ ಬರ್ಕೊಡ್ಬೇಕು. ಬರ್ಕೊಡ್ಲಾ ಅಣ್ಣ?"

ಅವಳು ಕಾಯುತ್ತಿದ್ದಳು. ಅವಳ ಹಿಂದೆ ಮಿಷಿನ್ನಿನ ಸದ್ದೇ ಇರಲಿಲ್ಲ, ಎಲ್ಲವನ್ನೂ ನಿಲ್ಲಿಸಿದ್ದರು. ಎಷ್ಟೇ ಕಮ್ಮಿ ಓದಿದವನಿಗೂ ಆ ಹೊತ್ತಿನಲ್ಲಿ ಏನು ಹೇಳಬೇಕೆಂದು ಗೊತ್ತಿರುತ್ತದೆ.

"ಬರ್ಕೊಡು, ಬರ್ಕೊಡು," ಅಂದೆ.

ಆಮೇಲೆ ಕೈ ಓಡಲಿಲ್ಲ. ಫೋಟೊ ಅಳಿಸಿದೆ. ಬದುವಿನ ಮೇಲೆ ಕೂತೆ, ಎದ್ದೆ. ಕೊನೆಗೆ ಕಿತ್ತ ಹೂವನ್ನು ಹೊಲದಲ್ಲೇ ಬಿಟ್ಟು ಬೈಕು ಹತ್ತಿದೆ. ತೆರಕಣಾಂಬಿ ದಾಟುವ ಹೊತ್ತಿಗೇ ಊಟದ ಹೊತ್ತು ಮೀರಿತ್ತು. ನಡುವೆ ನಿಲ್ಲಿಸಿ ಒಂದು ಫೋನು ಮಾಡಬಹುದಿತ್ತು. ಎದುರಿಗೆ ಹೇಳೋಣ ಎಂದು ನನಗೆ ನಾನೇ ಸಬೂಬು ಹೇಳಿಕೊಂಡೆ.

ನಾನು ಹೋದಾಗ ಯಜಮಾನರ ಮೇಜಿನ ಮೇಲೆ ತಂಗಿ ಬರೆದುಕೊಟ್ಟ ಹಾಳೆ ಇತ್ತು. ಪಕ್ಕದಲ್ಲಿ ನನ್ನ ಸ್ಟೇಟಸ್ಸಿನ ಚಿತ್ರ, ನನ್ನ ನಂಬರಿನ ಸಮೇತ. ನಮ್ಮ ಹೂ ಬೆಳೆಗಾರರ ಗುಂಪಿನಲ್ಲಿ ಯಾರೋ ಹಂಚಿದ್ದನ್ನು ಬೆಂಗಳೂರಿನವರು ಅಷ್ಟರಲ್ಲಿ ಪತ್ತೆ ಮಾಡಿದ್ದರು. ತಂಗಿ ಗೋಡೆಗೆ ಒರಗಿ ನಿಂತಿದ್ದಳು, ನನ್ನ ಕಡೆ ತಿರುಗಲಿಲ್ಲ.

"ನಾನೇ ತೆಗೆದದ್ದು ಸಾರ್. ಅವ್ಳಿಗೆ ಗೊತ್ತಿರ್ಲಿಲ್ಲ. ಬೆಳಗ್ಗೆ ಕೇಳಿದ್ಲು, ನಾನೇ ಸುಳ್ಳೇಳ್ದೆ," ಅಂದೆ.

ಯಜಮಾನರು ಸಿಟ್ಟಾಗಲಿಲ್ಲ. ಸಿಟ್ಟಾಗಿದ್ದರೆ ಚೆನ್ನಾಗಿತ್ತು. "ನಕ್ಷೆ ಆಚೆ ಇಟ್ಟಿದ್ದು ನನ್ನ ತಪ್ಪು, ಒಪ್ಕೊಂಡಿದೀನಿ. ಬರೀ ಫೋಟೊ ಆಗಿದ್ರೆ ಎಚ್ಚರಿಕೆ ಕೊಟ್ಟು ಬಿಡ್ತಿದ್ರು. ಆದ್ರೆ ನಿಮ್ಮ ತಂಗಿ ಕೈಯಾರೆ ಬರೆದು ಸೈನ್ ಹಾಕಿದಾಳೆ. ಅದು ಸುಳ್ಳಾಯ್ತಲ್ಲ. ಅವ್ಳಿಗೆ ಗೊತ್ತಿರ್ಲಿಲ್ಲ ಅಂತ ಈಗ ಯಾರು ನಂಬ್ತಾರೆ? ಅವಳ ಗೇಟ್ ಪಾಸು ಬೆಂಗಳೂರಿನವರೇ ತಗೊಂಡೋದ್ರು, ಇನ್ನು ಇಲ್ಲಿ ಕೆಲಸ ಮಾಡೋ ಹಾಗಿಲ್ಲ," ಅಂದರು.

ತಂಗಿಯನ್ನು ಹಿಂದೆ ಕೂರಿಸಿಕೊಂಡು ಊರಿಗೆ ಹೊರಟವನು ತೆರಕಣಾಂಬಿಯಲ್ಲಿ ಬೈಕು ನಿಲ್ಲಿಸಿದೆ.

"ಏನಾರ ಅನ್ನು ಕಣಮ್ಮಿ. ಉಗಿ."

"ಬೆಳಗ್ಗೆ ಫೋನಲ್ಲೇ ನಿಜ ಹೇಳಿದ್ರೆ ನಾನೇ ಓಗಿ ಬೈಸ್ಕತಿದ್ದೆ ಕಣಣ್ಣ," ಅಂದಳು. "ಬೈಸ್ಕಂಡು ಮತ್ತೆ ಮಿಷಿನ್ ಮುಂದ್ಕೆ ಓಗಿ ನಿಂತ್ಕತಿದ್ದೆ."

ಈಗ ಅವಳು ಗುಂಡ್ಲುಪೇಟೆಯಲ್ಲಿ ಬೋರ್‌ವೆಲ್ ಪಂಪು ರಿಪೇರಿ ಮಾಡುವ ಅಂಗಡಿಯಲ್ಲಿದ್ದಾಳೆ. ಯಾಕೆ ಬಿಟ್ಟೆ ಎಂದು ಅವ್ವ ಕೇಳಿದಾಗ "ಬಸ್ಸು ದೂರ ಆಯ್ತು ಕಣವ್ವ" ಅಂದಳು. ಟೀ ಅಂಗಡಿಯವರಿಗೂ ಅದೇ ಉತ್ತರ. ನನ್ನನ್ನು ಉಳಿಸಲು ಅವಳು ಹೇಳುವ ಸುಳ್ಳು ಅದೊಂದೇ. ಅವ್ವ ಈಗಲೂ ಆಗಾಗ ಊಟಕ್ಕೆ ಬಡಿಸುತ್ತಾ ಆ ಮಾತು ತೆಗೆಯುತ್ತಾಳೆ, ಅಷ್ಟು ಒಳ್ಳೆಯ ಕೆಲಸ ಬಿಟ್ಟಳಲ್ಲ, ನೀನಾದರೂ ಬುದ್ಧಿ ಹೇಳಬಾರದಿತ್ತೇ ಎಂದು. ತಂಗಿ ತಟ್ಟೆ ನೋಡುತ್ತಾಳೆ. ನಾನು ಮುದ್ದೆ ಮುರಿಯುತ್ತೇನೆ. ಇವತ್ತಿನವರೆಗೂ ಅವ್ವನಿಗೆ ಹೇಳಿಲ್ಲ.