ಬಾವಿಗೆ ಮರಳಿದ ನೀರು

ನಮ್ಮ ವಿಜ್ಞಾನದ ಅಕ್ಕೋರ ಕುಂಕುಮ ಮಧ್ಯಾಹ್ನದ ಹೊತ್ತಿಗೆ ದುಂಡಗೆ ಉಳಿದಿರುತ್ತಿರಲಿಲ್ಲ. ಸೂಕ್ಷ್ಮದರ್ಶಕಕ್ಕೆ ಕಣ್ಣು ಹಚ್ಚುವ ಮೊದಲು ಅವರು ಮೂಗಿನ ಮೇಲಿನ ಚಾಳೀಸನ್ನು ಹಣೆಯ ಮೇಲಕ್ಕೆ ಸರಿಸುತ್ತಿದ್ದರು. ಅದು ಕುಂಕುಮವನ್ನು ಕೂದಲಿನವರೆಗೂ ಎಳೆದುಕೊಂಡು ಹೋಗುತ್ತಿತ್ತು. ಇಚಲಕರಂಜಿಯ ನಮ್ಮ ಶಾಲೆಯಲ್ಲಿ ಇದ್ದದ್ದು ಒಂದೇ ಸೂಕ್ಷ್ಮದರ್ಶಕ. ಅದು ಆ ದಿನ ಕಪಾಟಿನಿಂದ ಹೊರಬಂದಿತ್ತೋ ಇಲ್ಲವೋ ಎಂಬುದನ್ನು ಹುಡುಗಿಯರು ಅವರ ಹಣೆ ನೋಡಿಯೇ ಹೇಳುತ್ತಿದ್ದರು.

ಅವರು ಗಡಹಿಂಗ್ಲಜ ಕಡೆಯವರು. ಪಾಠವೆಲ್ಲ ಮರಾಠಿಯಲ್ಲಿ. ನನ್ನಂಥ ಕನ್ನಡದ ಮನೆಯ ಮಕ್ಕಳ ಹತ್ತಿರ ಬಂದಾಗ ಮಾತ್ರ ದನಿ ತಗ್ಗಿಸಿ ಕನ್ನಡದಲ್ಲಿ ಕೇಳುತ್ತಿದ್ದರು: "ಏನ ಕಂಡಿ? ಕಂಡಿದ್ದ ಹೇಳು. ಓದಿದ್ದ ಹೇಳಬ್ಯಾಡ." ನಾನು ಹೆಚ್ಚು ಮಾತಿನವಳಲ್ಲ. ಕಂಡದ್ದಷ್ಟನ್ನೇ ಹೇಳಿದರೆ ಸಾಕೆಂಬುದು ನನಗೆ ದೊಡ್ಡ ನೆಮ್ಮದಿಯಾಗಿತ್ತು.

ಒಂಬತ್ತನೆಯ ಇಯತ್ತೆಯಲ್ಲಿದ್ದಾಗ ಒಮ್ಮೆ ಎಲ್ಲರೂ ಮನೆಯ ಬಾವಿಯ ನೀರು ತರಬೇಕೆಂದರು. ನಮ್ಮದು ಜೈನರ ಮನೆ. ನನ್ನ ಅಜ್ಜಿ, ನಾವು ಆಯಿ ಎನ್ನುತ್ತಿದ್ದೆವು, ದಿನಾ ಮುಂಜಾನೆ ನೀರು ಸೋಸುತ್ತಿದ್ದಳು. ಸೋಸಿದ ಮೇಲೆ ಅರಿವೆಯನ್ನು ಮಗುಚಿ, ಅದಕ್ಕೆ ಅಂಟಿದ್ದನ್ನು ಸೋಸಿದ ನೀರಿನಿಂದಲೇ ಚರಿಗೆಗೆ ತೊಳೆದು, ಆ ಚರಿಗೆಯನ್ನು ಹಗ್ಗದಿಂದ ಬಾವಿಗೆ ಮೆಲ್ಲಗೆ ಇಳಿಬಿಡುತ್ತಿದ್ದಳು. ಮೇಲಿನಿಂದ ಸುರಿದರೆ ಅದರೊಳಗಿನ ಜೀವಗಳಿಗೆ ಪೆಟ್ಟಾಗುತ್ತದೆ ಎಂದು. ನಾನು ಆ ಚರಿಗೆಯ ನೀರನ್ನೇ ಸ್ವಲ್ಪ ಬಾಟಲಿಗೆ ತುಂಬಿಕೊಂಡು ಹೋದೆ.

ಗಾಜಿನ ಮೇಲೆ ಒಂದೇ ಹನಿ. ಅದರಲ್ಲಿ ಕಾಲುಗಳಿದ್ದವು, ಮೀಸೆಗಳಿದ್ದವು, ಗಾಜಿನಂಥ ಮೈಯೊಳಗೆ ಏನೋ ಮಿಡಿಯುತ್ತಿತ್ತು. ಪಾಠ ಮುಗಿದು ಎಲ್ಲರೂ ಗಾಜು ಒರೆಸಿಟ್ಟರು. ನನ್ನ ಕೈ ಏಳಲಿಲ್ಲ.

"ನಮ್ಮ ಆಯಿ ಇದನ್ನ ತಿರುಗಿ ಬಾವಿಗಿ ಬಿಡ್ತಾಳ್ರಿ," ಎಂದೆ. ಹಿಂದಿನ ಬೆಂಚಿನವರು ನಕ್ಕರು.

ಅಕ್ಕೋರು ನಗಲಿಲ್ಲ. ಗಾಜನ್ನು ನನ್ನ ಬಾಟಲಿಯೊಳಕ್ಕೇ ತೊಳೆದು ಬಿರಡೆ ಹಾಕಿದರು. "ತಗೋ, ಇವರನ್ನೆಲ್ಲ ಸುಖರೂಪ ಮನೀಗಿ ಮುಟ್ಟಸು." ಅಂದಿನಿಂದ ಸೂಕ್ಷ್ಮದರ್ಶಕದ ಪಕ್ಕದಲ್ಲಿ ಒಂದು ಚರಿಗೆ ಬಂದು ಕೂತಿತು.

ಹತ್ತನೆಯ ಇಯತ್ತೆ ಮುಗಿಸಿದಾಗ ನಾನು ವಿಜ್ಞಾನ ಓದುತ್ತೇನೆ ಎಂದೆ. ಮನೆಯಲ್ಲಿ ಅದು ನಿಂತದ್ದು ಕಪ್ಪೆಯ ಹತ್ತಿರ. ಕಾಲೇಜಿನಲ್ಲಿ ಕಪ್ಪೆ ಕೊಯ್ಯಿಸುತ್ತಾರೆಂದು ಯಾರೋ ಆಯಿಗೆ ಹೇಳಿದ್ದರು.

"ನಾವು ನೀರ ಸೋಸಿ ಕುಡ್ಯಾವರು. ನಮ್ಮ ಹುಡಗಿ ಕಪ್ಪಿ ಹೊಟ್ಟಿ ಕೊಯ್ಯಾಕ ಹೋಗ್ತಾಳ?" ಎಂದಳು. ಆಯಿ ಬೇಡವೆಂದ ಮೇಲೆ ಅಪ್ಪ ಮಾತಾಡುವಂತಿರಲಿಲ್ಲ. ನಾನು ಅಕ್ಕೋರಿಗೆ ವಿಷಯ ತಿಳಿಸಿ, ಅಳದೆ ಮನೆಗೆ ಬಂದೆ.

ಮರುದಿನ ಅವರು ಟಾಂಗಾದಲ್ಲಿ ಬಂದಿಳಿದರು. ಮುಖ್ಯಾಧ್ಯಾಪಕರನ್ನು ಕೇಳಿ ತಂದ ಸೂಕ್ಷ್ಮದರ್ಶಕವನ್ನು ಕೂಸಿನಂತೆ ತೊಡೆಯ ಮೇಲೆ ಇಟ್ಟುಕೊಂಡಿದ್ದರು. ಆಯಿ ಅವರ ಹಣೆ ನೋಡಿ, "ಇದೇನ ಬಾಯೀ, ಕುಂಕುಮ ಬಳಕೊಂಡ ಬಂದೀರಿ?" ಎಂದಳು.

"ನೀವೂ ಒಮ್ಮಿ ನೋಡ್ರಿ ಆಯೀ, ನಿಮ್ಮ ಚಾಳೀಸೂ ಹಣೀಗೇರತೈತಿ."

ಕಪ್ಪೆಯ ಮಾತನ್ನು ಅವರು ತೆಗೆಯಲೇ ಇಲ್ಲ. ಅಂಗಳದ ಬೆಳಕಿನಲ್ಲಿ ಚರಿಗೆಯ ಒಂದು ಹನಿ ಇಟ್ಟುಕೊಟ್ಟರು. ಆಯಿ ಬಹಳ ಹೊತ್ತು ಬಗ್ಗಿ ನೋಡಿದಳು. "ಅಯ್ಯ ನಮ್ಮವ್ವ, ಹೆಂಗ ಓಡ್ಯಾಡಾಕತ್ತಾವ!" ಎಂದವಳು ತಲೆಯೆತ್ತಿ, "ಈಗ ಸೋಸಿದ ನೀರಿಂದು ತೋರಸ್ರಿ," ಎಂದಳು.

ಅಕ್ಕೋರು ಒಂದು ಗಳಿಗೆ ನನ್ನ ಕಡೆ ನೋಡಿದರು. ನಾವು ಕುಡಿಯುವ ನೀರಿನ ಹನಿ ಇಟ್ಟು, ತಾವೇ ಮೊದಲು ನೋಡಿದರು. ಏನೂ ಇಲ್ಲವೆಂದಿದ್ದರೆ ಆಯಿ ನಂಬುತ್ತಿದ್ದಳು, ಅರಿವೆ ದಾಟಿ ಬರುವಷ್ಟು ಸಣ್ಣದು ಅವಳ ಕಣ್ಣಿಗೆ ಕಾಣುತ್ತಲೂ ಇರಲಿಲ್ಲ.

"ಕಂಡಿದ್ದ ಹೇಳ್ತೇನ್ರಿ ಆಯೀ. ಇದರಾಗೂ ಒಂದೆರಡ ಅದಾವ."

ನನ್ನ ಕಾಲೇಜು ಅಲ್ಲಿಗೆ ಮುಗಿಯಿತೆಂದುಕೊಂಡೆ. ಆಯಿ ಗೋಡೆಯ ಮೇಲೆ ಒಣಗುತ್ತಿದ್ದ ಸೋಸುವ ಅರಿವೆಯನ್ನು ತಂದು ಬೆಳಕಿಗೆ ಹಿಡಿದಳು. ಆಮೇಲೆ ಹಿತ್ತಲಿನ ನಮ್ಮ ಮಗ್ಗದ ಶೆಡ್ಡಿಗೆ ಕೇಳುವಂತೆ ಅಪ್ಪನನ್ನು ಕೂಗಿದಳು: "ಭಾಳ ದಟ್ಟ ನೇದಿದ್ದ ಒಂದ ತುಂಡ ತಾರೋ!"

ಅಪ್ಪ ಒಂದೊಂದಾಗಿ ತುಂಡು ತಂದ. ಆಯಿ ಒಂದೇ ಪದರಿನಲ್ಲಿ ಸೋಸಿದಳು, ಮಡಿಸಿ ಸೋಸಿದಳು. ಅಕ್ಕೋರು ಪ್ರತಿ ಸಲವೂ ಚಾಳೀಸು ಮೇಲೇರಿಸಿ ನೋಡಿದರು. "ಅಕ್ಕೋರ, ಪುಗಸಟ್ಟೆ ನಮ್ಮ ಮಗ್ಗದ ಪರೀಕ್ಷಾ ಆತ ನೋಡ್ರಿ," ಎಂದು ಅಪ್ಪ ನಕ್ಕ. ಬಿಸಿಲು ಇಳಿಯುವ ಹೊತ್ತಿಗೆ ಆಯಿ ಕೇಳಿದಳು:

"ಈಗ ಒಂದೂ ಇಲ್ಲ?"

"ಈ ಹನ್ಯಾಗ ಇಲ್ರಿ. ಕೊಡದಾಗ ಇಲ್ಲಂತ ನಾ ಹೆಂಗ ಹೇಳ್ಲಿ?"

ಆಯಿ ಕೈ ಒರೆಸಿಕೊಂಡಳು. "ಮತ್ತ ಆ ಕಪ್ಪಿದೇನು?"

"ಕೊಯ್ಯೂ ದಿನಾ ಹೊರಗ ನಿಂದ್ರಲಿ. ಅದರ ಮಾರ್ಕ ಹೋಗ್ತಾವು. ಹೋಗೂದಿಲ್ಲಂತ ನಾ ಹೇಳೂದಿಲ್ಲ."

ಆಯಿ ಅಪ್ಪನ ಕಡೆ ತಿರುಗಿದಳು. "ಒಂದ ಸುಳ್ಳ ಹೇಳಿದ್ದರ ಈಕಿ ಕೆಲಸ ಆಗ್ತಿತ್ತು. ಹೇಳಲಿಲ್ಲ. ಇಂಥಾಕಿ ಕಲಿಸಿದ್ದ ವಿದ್ಯಾ ನಮ್ಮ ಹುಡಗಿ ಕಲೀಲಿ."

ಆ ದಟ್ಟ ಅರಿವೆಯಲ್ಲೇ ಆಯಿ ಕೊನೆಯವರೆಗೂ ನಮ್ಮ ಮನೆಯ ನೀರು ಸೋಸಿದಳು. ಕಾಲೇಜಿನಲ್ಲಿ ಕಪ್ಪೆಯ ದಿನಗಳಲ್ಲಿ ನಾನು ಪಡಸಾಲೆಯಲ್ಲಿ ನಿಂತೆ, ಮಾರ್ಕು ಹೋದವು. ಮುಂದೆ ಕೊಲ್ಹಾಪುರದಲ್ಲಿ ಸಸ್ಯಶಾಸ್ತ್ರ ಹಿಡಿದು, ನೀರಿನ ಪಾಚಿಗಳನ್ನು ನೋಡುವ ಕೆಲಸಕ್ಕೆ ಬಂದೆ.

ಅಕ್ಕೋರು ಕಾಯಿಲೆ ಬಿದ್ದು ಗಡಹಿಂಗ್ಲಜಕ್ಕೆ ಹೋದ ಮೇಲೆ ಒಮ್ಮೆ ಕಂಡು ಬಂದೆ. ಹಾಸಿಗೆಯಲ್ಲೇ ಒರಗಿ ಕೂತಿದ್ದರು, ಕುಂಕುಮ ದುಂಡಗಿತ್ತು. ಅದನ್ನು ನೋಡಲು ನನಗೆ ಕಷ್ಟವಾಯಿತು. ಅವರು ಹೇಗಿದ್ದೀ ಎಂದು ಕೇಳಲಿಲ್ಲ. "ಏನ ಕಂಡಿ?" ಎಂದರು. ಹೇಳುತ್ತಾ ಕೂತೆ, ಬಸ್ಸಿನ ಹೊತ್ತಾಗುವವರೆಗೂ. ಆ ಮಳೆಗಾಲ ಮುಗಿಯುವ ಮೊದಲೇ ಅವರು ತೀರಿಕೊಂಡರು.

ಈಗ ನಾನೂ ಕಾಲೇಜಿನಲ್ಲಿ ಪಾಠ ಹೇಳುತ್ತೇನೆ. ನನ್ನ ಮೇಜಿನ ಮೇಲೂ ಒಂದು ಚರಿಗೆ ಇದೆ. ಮೊನ್ನೆ ಪ್ರಯೋಗದ ತರಗತಿ ಮುಗಿದಾಗ ಒಬ್ಬ ಹುಡುಗಿ ಸಂಕೋಚದಿಂದ ಹತ್ತಿರ ಬಂದು, "ಮ್ಯಾಡಮ್, ನಿಮ್ಮ ಕುಂಕುಮ ಕೂದಲತನಕ ಹರಡೇತ್ರಿ," ಎಂದಳು.

ಗೊತ್ತು ಎಂದೆ. ಒರೆಸಿಕೊಳ್ಳಲಿಲ್ಲ.