ಸೂಜಿ ಕೊಡದ ಅಡ್ಯೇರಿ

ನಮ್ಮ ಕಬಸಿಂಗುಜಿಯಕ್ಕ ಹುಟ್ಟಿನಿಂದಲೇ ಗಟ್ಟಿಗಿತ್ತಿ ಅಂದುಕೊಳ್ಳಬೇಡಿ. ಫೋರ್ಟ್ ಪೋರ್ಟಲ್ ಎಂಬ ಊರಿನ ಆಸ್ಪತ್ರೆಯಲ್ಲಿ ಆಪರೇಷನ್ ಕೋಣೆಯ ನರ್ಸಾಗಿ ಹದಿನಾರು ವರ್ಷ ಕಳೆದಿದ್ದರೂ ಡಾಕ್ಟರ್ ಕಾಹ್ವಾ ಎದುರು ಅಕ್ಕನ ಬಾಯಿಗೆ ಬೀಗ. ಒಮ್ಮೆ ಅಲ್ಲಿ ತರಬೇತಿ ನಡೆದ ದಿನವೂ ಹಾಗೇ ಆಯಿತು.

ಮೇಜಿನ ಮೇಲೆ ರಬ್ಬರ್ ಗೊಂಬೆ, ಅದರ ಹೊಟ್ಟೆ ತುಂಬ ಕೆಂಪು ನೀರು. ಡಾಕ್ಟರು, ನರ್ಸು, ಅರಿವಳಿಕೆ ಕೊಡುವವರು ಎಲ್ಲರೂ ಸೇರಿ ಅದಕ್ಕೆ ನಿಜದಂತೆಯೇ ಆಪರೇಷನ್ ಮಾಡಬೇಕು. ಕಲಿಸಲು ಬಂದಿದ್ದ ಕೆಮಿಗಿಸಾ ಮಹಾ ಕಿಲಾಡಿ. ರಕ್ತ ಒರೆಸುವ ಹತ್ತು ಬಟ್ಟೆಗಳಲ್ಲಿ ಒಂದನ್ನು ಯಾರಿಗೂ ಕಾಣದಂತೆ ಗೊಂಬೆಯೊಳಗೆ ತುರುಕಿಬಿಟ್ಟಳು. ಅಕ್ಕ ಎಣಿಸಿದರೆ ಒಂಬತ್ತೇ! ಅಷ್ಟರಲ್ಲಿ ಕಾಹ್ವಾ ಹೊಲಿಯಲು ಸೂಜಿಗೆ ಕೈ ಚಾಚಿದರು.

"ಡಾಕ್ಟ್ರೇ... ಒಂದ್ಸಲ... ಏನಿಲ್ಲ ಬಿಡಿ," ಎಂದು ಅಕ್ಕ ಸೂಜಿ ಕೊಟ್ಟೇಬಿಟ್ಟಳು.

ಆಮೇಲೆ ಕೆಮಿಗಿಸಾ ಹೊಲಿಗೆ ಬಿಚ್ಚಿ ಆ ಬಟ್ಟೆ ಎಳೆದಾಗ ಅಕ್ಕ ನಾಚಿಕೆಯಿಂದ ಕುಗ್ಗಿಹೋದಳು.

"ಗೊತ್ತಿತ್ತಲ್ಲಕ್ಕ, ಯಾಕೆ ಹೇಳ್ಲಿಲ್ಲ?"

"ಅಷ್ಟು ದೊಡ್ಡ ಡಾಕ್ಟ್ರಿಗೆ ನಿಲ್ಲಿ ಅನ್ನೋಕಾಗತ್ತೇನೇ?"

"ಕ್ಯಾಂಟೀನಲ್ಲಿ ಅವರನ್ನ ಏನಂತ ಕರೀತೀರ?"

"ಅರಾಲಿ ಅಂತ."

ಆ ಸೀಮೆಯ ಟೋರೋ ಜನರಲ್ಲಿ ಎಲ್ಲರಿಗೂ ಒಂದು ಮುದ್ದಿನ ಹೆಸರುಂಟು. ಕಿರಿಯರು ಹಿರಿಯರನ್ನು ಹಾಗೆ ಕರೆದರೆ ಸಲುಗೆಯೂ ಹೌದು, ಮರ್ಯಾದೆಯೂ ಹೌದು. ಅಕ್ಕನದು ಅಡ್ಯೇರಿ. ಆದರೆ ಮುಖಕ್ಕೆ ಮಾಸ್ಕ್ ಬಂತೆಂದರೆ ಆ ಹೆಸರುಗಳೆಲ್ಲ ಬಾಗಿಲಾಚೆಯೇ ಉಳಿಯುತ್ತಿದ್ದವು.

"ಮತ್ತೆ ಒಳಗೂ ಹಾಗೇ ಕರೀರಿ!"

ಕಾಹ್ವಾ ನಕ್ಕರು. "ನಮ್ಮಜ್ಜಿ ಅರಾಲಿ ಅಂತ ಒಂದ್ಸಲ ಗದರಿದ್ರೆ ಸಾಕು, ನಾನು ನಿಂತಲ್ಲೇ ನಿಲ್ತಿದ್ದೆ. ನೀನೂ ಗದರು, ಅಡ್ಯೇರಿ, ನೋಡೇಬಿಡೋಣ."

ಅಕ್ಕನಿಗೆ ಗದರುವುದು ರೂಢಿಯಾಗಲೆಂದು ಅಂದು ಆ ಪಾಪದ ಗೊಂಬೆಯ ಹೊಟ್ಟೆಯನ್ನು ಆರು ಸಲ ಕೊಯ್ದರು.

ಮೂರು ವಾರದ ಮೇಲೆ ಅದೇ ಮೇಜಿನ ಮೇಲೆ ನಿಜವಾದ ತಾಯಿ. ಮಗು ಹೊರಬಂದು ಅಳುತ್ತಿತ್ತು. ಅಕ್ಕ ಬಟ್ಟೆ ಎಣಿಸಿದಳು: ಒಂಬತ್ತು. ಮತ್ತೆ ಎಣಿಸಿದಳು. ಒಂಬತ್ತೇ. ಕಾಹ್ವಾ ಕೈ ಚಾಚಿದರು. ಅಕ್ಕ ಸೂಜಿಯನ್ನು ತನ್ನ ಕೈಯಲ್ಲೇ ಹಿಡಿದುಕೊಂಡಳು.

"ಅರಾಲಿ, ನಿಲ್ಲಿ. ಬಟ್ಟೆ ಒಂದು ಕಮ್ಮಿ ಇದೆ."

"ಎಲ್ಲಾ ತೆಗ್ದಾಯ್ತು ಕಣಮ್ಮ. ಕೊಡು ಸೂಜಿ."

"ಕೊಡಲ್ಲ, ಅರಾಲಿ. ಹುಡುಕಿ."

ಕಾಹ್ವಾ ಮತ್ತೆ ಒಳಗೆ ಕೈಯಾಡಿಸಿದರು. ಕರುಳಿನ ಹಿಂದಿನಿಂದ ರಕ್ತದಲ್ಲಿ ನೆಂದ ಬಟ್ಟೆ ಬಂತು.

"ಹತ್ತು," ಎಂದರು ಮೆಲ್ಲಗೆ. "ಈ ತಾಯಿನ ನೀನೇ ಬದುಕಿಸಿದೆ, ಅಡ್ಯೇರಿ."

ಈಗ ಅಲ್ಲಿ ಎಲ್ಲರೂ ತಂತಮ್ಮ ಮುದ್ದಿನ ಹೆಸರು ಹೇಳಿಯೇ ಆಪರೇಷನ್ ಶುರು ಮಾಡುವುದು. ನಂಬಿಕೆಯಿಲ್ಲವೇ? ಮಧ್ಯಾಹ್ನ ಅಕ್ಕ ಕ್ಯಾಂಟೀನಿನ ಬೆಂಚಿನಲ್ಲಿ ರಾಗಿಮುದ್ದೆ ಮುರಿಯುತ್ತಾ ಕೂತಿರುತ್ತಾಳೆ, ಹೋಗಿ ಮಾತಾಡಿಸಿ. ನಿಮಗೆ ಮುದ್ದಿನ ಹೆಸರಿಲ್ಲದಿದ್ದರೂ ಚಿಂತೆಯಿಲ್ಲ, ಅವಳೇ ಒಂದು ಇಟ್ಟು ಕಳಿಸುತ್ತಾಳೆ.