ದೊಡ್ಡಪ್ಪನ ಕಿವಿಯ ಚೆಂಡೆ

ಕೊಡಗಿಗೆ ತನ್ನದೇ ಆದ ಮುಖ್ಯಮಂತ್ರಿ ಇದ್ದ ಕಾಲ. ರಾಜ್ಯ ಚಿಕ್ಕದು, ನನ್ನ ಜಂಬ ದೊಡ್ಡದು. ಡಾಕ್ಟರಿಕೆ ಪಾಸು ಮಾಡಿ ಸಿದ್ದಾಪುರದ ಹತ್ತಿರದ ಎಸ್ಟೇಟ್ ಆಸ್ಪತ್ರೆಗೆ ಆಗಷ್ಟೇ ಸೇರಿದ್ದೆ. ಹೊಸದರಲ್ಲಿ ಅಗಸ ಗೋಣಿ ಎತ್ತಿ ಎತ್ತಿ ಒಗೆದ ಅನ್ನುತ್ತಾರಲ್ಲ, ಹಾಗೆ ಕೆಂಪಗೆ ಊದಿದ್ದು ಏನು ಕಂಡರೂ ಕೊಯ್ಯಲು ನನ್ನ ಕೈ ತುರಿಸುತ್ತಿತ್ತು.

ರಜೆಗೆ ಕರಿಕೆಯ ಮನೆಗೆ ಹೋದಾಗ ದೊಡ್ಡಪ್ಪ ಎಡಗಿವಿ ಹಿಡಿದುಕೊಂಡು ಕೂತಿದ್ದರು. ತಿಂಗಳುಗಳಿಂದ ಒಳಗೆ ಯಾರೋ ಚೆಂಡೆ ಬಡಿಯುತ್ತಿದ್ದಾರಂತೆ. ದೀಪ ಹಿಡಿದು ನೋಡಿದೆ. ಕಿವಿತಮಟೆಯ ಹಿಂದೆ ಕೆಂಪಗೆ ಏನೋ ಉಬ್ಬಿತ್ತು. ಕೀವು ಎಂದು ಅಲ್ಲೇ ತೀರ್ಪು ಕೊಟ್ಟೆ.

"ಒಂದ್ ಸಲ ಚುಚ್ಚಿರೆ ಸಾಕ್, ದೊಡ್ಡಪ್ಪ."

"ಹೋದ ವರ್ಷದ ಕೋಲ ಬಾಕಿ ಉಟ್ಟು. ದೈವ ಕರೀತಾ ಉಟ್ಟು," ಎಂದರು ಅವರು. "ಕೋಲ ಆಗದೆ ನನ್ನ ಕಿವಿಗೆ ಕಬ್ಬಿಣ ಬೇಡ."

ನಾನು ರೇಗಿದೆ. ವಿಜ್ಞಾನದ ಭಾಷಣ ಬಿಗಿದೆ. ಅವರು ಎಲೆ ಅಡಿಕೆ ಜಗಿಯುತ್ತಾ ಬಲಗಿವಿಯಲ್ಲಿ ಕೇಳಿಸಿಕೊಂಡರು, ಅಷ್ಟೇ. ವಿಧಿಯಿಲ್ಲದೆ ಕೋಲ ಮುಗಿಯುವವರೆಗೆ ಕಾದೆ.

ಕೋಲದ ಮರುದಿನ ಬೆಳಿಗ್ಗೆ ದೊಡ್ಡಪ್ಪನ ಮುಖ ಸಪ್ಪೆಯಾಗಿತ್ತು. ಚೆಂಡೆಯವರು ಊಟ ಮಾಡಿ ಹೊರಟುಹೋಗಿದ್ದರು, ಕಿವಿಯೊಳಗಿನವನು ಮಾತ್ರ ಜಾಗ ಬಿಟ್ಟಿರಲಿಲ್ಲ. ನಾನು ಹಿಗ್ಗಿಹೋದೆ. ದೊಡ್ಡಮ್ಮನಿಂದ ನೀರು ಕಾಯಿಸಿ, ಸೂಜಿಯಂಥ ಚಾಕುವನ್ನು ಕುದಿಸಲು ಹಾಕಿದೆ.

"ತಡಿ," ಎಂದರು ದೊಡ್ಡಪ್ಪ. "ಕಂಡವ್ರ ಎದೆಗೆಲ್ಲಾ ಆ ಕೊಳವೆ ಇಟ್ಟ್ ಕೇಳ್ತಿಯಲ್ಲಾ, ಮೊದ್ಲು ನನ್ನ ಕಿವಿ ಹತ್ರ ಇಟ್ಟ್ ಕೇಳ್."

ಮುದುಕರ ಮನಸ್ಸು ನೋಯಿಸಬಾರದೆಂದು, ಒಳಗೊಳಗೇ ನಗುತ್ತಾ ಸ್ಟೆತಾಸ್ಕೋಪನ್ನು ಅವರ ಕಿವಿಯ ಹಿಂದಕ್ಕೆ ಒತ್ತಿದೆ.

ಧಸ್, ಧಸ್, ಧಸ್.

ನನಗೂ ಕೇಳಿಸಿತು! ಮಣಿಕಟ್ಟು ಹಿಡಿದರೆ ನಾಡಿಯೂ ಅದೇ ತಾಳ. ಕುತ್ತಿಗೆಯ ಎಡಬದಿಯನ್ನು ಮೆಲ್ಲಗೆ ಒತ್ತಿದೆ.

"ಓಯ್, ಈಗ ಇಲ್ಲೆ!" ಚೆಂಡೆ ನಿಂತುಬಿಟ್ಟಿತ್ತು.

ಬೆರಳು ತೆಗೆದೆ.

"ಈಗ ಉಟ್ಟು!"

ಕಾಲೇಜಿನಲ್ಲಿ ನಾವು ಆಕಳಿಸುತ್ತಿದ್ದಾಗ ಮೇಷ್ಟ್ರು ಹೇಳಿದ್ದು ಆಗ ನೆನಪಾಯಿತು. ನಡುಕಿವಿಯಲ್ಲಿ ಬಲು ಅಪರೂಪಕ್ಕೆ ಒಂದು ಗೆಡ್ಡೆ ಬೆಳೆಯುತ್ತದೆ, ಅದು ಬರೀ ರಕ್ತನಾಳಗಳ ಗಂಟು, ಕೀವೆಂದು ಚುಚ್ಚಿದವನು ಕೆಟ್ಟ. ಚುಚ್ಚಿದ್ದರೆ ಚಿಮ್ಮುವ ರಕ್ತ ನಿಲ್ಲಿಸಲು ಆ ಕರಿಕೆಯಲ್ಲಿ ನನ್ನ ಬಳಿ ಏನಿತ್ತು? ಒಂದಿಷ್ಟು ಹತ್ತಿ, ಬೆಟ್ಟದಷ್ಟು ಜಂಬ. ಒಲೆಯ ಮೇಲೆ ಚಾಕು ಇನ್ನೂ ಕುದಿಯುತ್ತಿತ್ತು. ಪಾತ್ರೆ ಇಳಿಸಲು ದೊಡ್ಡಮ್ಮನಿಗೆ ಹೇಳಿದೆ.

ನಾನು ಬರೆದುಕೊಟ್ಟ ಕಾಗದ ಹಿಡಿದು, ದೊಡ್ಡಪ್ಪನನ್ನು ಅವರ ಮಗ ಮದರಾಸಿನ ಆಸ್ಪತ್ರೆಗೆ ಕರೆದುಕೊಂಡು ಹೋದ. ಅಲ್ಲಿ ಕಿವಿಯ ಹಿಂದಿನ ಮೂಳೆ ಕೊರೆದು ಗೆಡ್ಡೆ ತೆಗೆದರು, ಉಳಿದ ಚೂರಿಗೆ ಕಿರಣ ಹಾಯಿಸಿದರು. ಎಡಗಿವಿ ಪೂರ್ತಿ ಕಿವುಡಾಯಿತು, ಚೆಂಡೆಯೂ ನಿಂತಿತು. ಎರಡು ತಿಂಗಳ ಮೇಲೆ ಮನೆಗೆ ಬಂದವರು ಅಲ್ಲಿನ ಸರ್ಜನ್ ನನಗೆ ಬರೆದ ಕಾಗದವನ್ನು ಕೈಗಿತ್ತು, ಎಲ್ಲರೆದುರು ಓದಿಸಿದರು.

"ಚುಚ್ಚಿಬಿಡು ಎಂದು ತಾನೇ ಹಟ ಹಿಡಿದಿದ್ದಾಗಿಯೂ, ಬೇಡವೆಂದು ನೀವು ತಡೆದಿರೆಂದೂ ನಿಮ್ಮ ದೊಡ್ಡಪ್ಪ ಹೇಳಿದರು. ಈ ವಯಸ್ಸಿಗೆ ಇಂಥ ತಾಳ್ಮೆ ಅಪರೂಪ."

ಮನೆಯವರೆಲ್ಲ ನನ್ನನ್ನೇ ನೋಡಿದರು.

"ದೊಡ್ಡಪ್ಪ, ಬೇಡ ಹೇಳ್ದು ನೀವಲ್ಲಾ?" ಎಂದೆ.

ಅವರು ಮೆಲ್ಲಗೆ ಎಡಗಿವಿಯನ್ನು ನನ್ನ ಕಡೆ ತಿರುಗಿಸಿ ಕೂತರು.